ಸೂಪಾದ ಆಯಿ

ಹೋದ ವಾರ ನಾಲ್ಕನೇ ಇಯತ್ತೆಯ ಮೊಮ್ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಅದರಲ್ಲೊಂದು ಮರದ ಚಿತ್ರ. ಕೊಂಬೆಕೊಂಬೆಗೂ ಮನೆಯ ಹಿರಿಯರ ಹೆಸರು, ಹೆಸರಿನ ಮುಂದೆ ಅವರ ಊರು ಬರೆಯಬೇಕು. ನನ್ನ ಅಜ್ಜಿಯ ಕೊಂಬೆ ಬಂದಾಗ "ಸೂಪಾ ಅಂತ ಬರಿ" ಅಂದೆ. ಅವಳು ಅಪ್ಪನ ಮೊಬೈಲಿನಲ್ಲಿ ನಕಾಶೆ ತೆಗೆದು ಹುಡುಕಿದಳು. "ಅಜ್ಜಾ, ಇಲ್ಲಿ ಬರೀ ನೀಲಿ ಇದೆ. ಊರೇ ಇಲ್ಲ!"

ಅವಳು ಹೇಳಿದ್ದು ಸರಿ. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿ ಸೂಪಾ ಇತ್ತು. ತಾಲೂಕಿಗೆ ಹೆಸರು ಕೊಟ್ಟ ಊರು ಅದು. ಗಣೇಶಗುಡಿಯಲ್ಲಿ ಅಣೆಕಟ್ಟು ಎದ್ದಿತು. ಎತ್ತರ 101 ಮೀಟರ್. ಮಕ್ಕಳೇ, ಮೂವತ್ತು ಅಂತಸ್ತಿನ ಕಟ್ಟಡ ನೋಡಿದ್ದರೆ ಸುಮಾರು ಅಷ್ಟು ಎನ್ನಿ. 1980ರ ದಶಕದಲ್ಲಿ ನೀರು ತುಂಬಿ ಊರು ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ತಾಲೂಕಿನ ಹೆಸರೂ ಜೋಯಿಡಾ ಆಯಿತು. ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ ಹೋದರು. ನಮ್ಮ ಅಜ್ಜಿಯೂ ಮೊದಲು ಅಲ್ಲಿಗೇ ಹೋದಳು, ಕಾಕಾನ ಜೊತೆ.

ಅಜ್ಜಿಯನ್ನು ನಾವೆಲ್ಲ 'ಆಯಿ' ಅನ್ನುತ್ತಿದ್ದೆವು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮರಾಠಿ, ಕಚೇರಿಯವರೊಂದಿಗೆ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ! ಚಿಕ್ಕ ಪ್ರಾಯದಲ್ಲೇ ಅಜ್ಜ ತೀರಿಕೊಂಡಿದ್ದರು. ಮೂರು ಎಮ್ಮೆ, ಒಂದು ತುಂಡು ಗದ್ದೆ, ಹಿತ್ತಲಿನ ಗಡ್ಡೆ ಗೆಣಸು, ಇಷ್ಟರಲ್ಲೇ ನಾಲ್ಕು ಮಕ್ಕಳನ್ನು ದಡ ಮುಟ್ಟಿಸಿದಳು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಹೊಸತರಲ್ಲಿ ನನ್ನ ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ನಾವು ದಾಂಡೇಲಿಯವರಾದೆವು. ಬೇಸಿಗೆ ರಜೆ ಮಾತ್ರ ಸೂಪಾದಲ್ಲಿ.

ಆಯಿಗೆ ಓದು ಬರುತ್ತಿರಲಿಲ್ಲ. ಆದರೆ ಹಾಲಿನ ಲೆಕ್ಕ ತಪ್ಪುತ್ತಿರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆ. ಎಡಗಡೆ ಕೊಟ್ಟ ಹಾಲು, ಬಲಗಡೆ ಬಂದ ದುಡ್ಡು. ಒಂದೊಂದು ಮನೆಗೆ ಒಂದೊಂದು ಗುರುತು: ಮಾಸ್ತರರ ಮನೆಗೆ ಕೊಡೆ, ಅಂಗಡಿಯವನಿಗೆ ತಕ್ಕಡಿ, ಪೊಲೀಸರಿಗೆ ಮೀಸೆ. ಮುಂದೆ ಧಾರವಾಡದಲ್ಲಿ ಬಿ.ಕಾಂ. ಓದುವಾಗ ಜಮೆ-ಖರ್ಚಿನ ಪಾಠ ಬಂದರೆ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ನೋಡಿದ್ದು ಆ ಗೋಡೆಯ ಮೇಲೆ.

ಊರು ಬಿಡುವ ದಿನ ನಾನು ಹೋಗಿದ್ದೆ. ಲಾರಿಯಲ್ಲಿ ಸಾಮಾನು ತುಂಬಿಯಾಗಿತ್ತು. ಹೆಂಚು, ಬಾಗಿಲು, ಕಿಟಕಿ ಎಲ್ಲ ಬಿಚ್ಚಿದ್ದರು. ಆಯಿ ಎಲ್ಲಿ ಎಂದು ಹುಡುಕಿದರೆ ಮಾಡಿಲ್ಲದ ಅಡುಗೆಮನೆಯಲ್ಲಿ ಒದ್ದೆ ಅರಿವೆ ಹಿಡಿದು ಗೋಡೆ ಒರೆಸುತ್ತಿದ್ದಳು. ಕೊಡೆ, ತಕ್ಕಡಿ, ಮೀಸೆ ಒಂದೊಂದೇ ಅಳಿಸುತ್ತಿತ್ತು. ಬಾಕಿ ಇದ್ದವರೂ ಇದ್ದರು, ನನಗೆ ಗೊತ್ತು. "ಇರಲಿ ಬಿಡು. ಎಲ್ಲಾರೂ ಮುಳುಗೋರೇ. ಯಾರ ಹತ್ತಿರ ವಸೂಲಿ ಮಾಡ್ಲಿ?" ಅಂದಳು. ಮತ್ತೆ ಅರಿವೆ ಹಿಂಡಿ ಅದನ್ನೂ ಗಂಟಿಗೆ ಸೇರಿಸಿದಳು. ಅರಿವೆ ಬಿಟ್ಟು ಬರುವ ಹೆಂಗಸಲ್ಲ.

ರಾಮನಗರ ಅವಳಿಗೆ ಹಿಡಿಸಲಿಲ್ಲ. ನಾನಾಗ ಹಳಿಯಾಳದ ಬ್ಯಾಂಕಿನಲ್ಲಿ ಗುಮಾಸ್ತ. ನಮ್ಮಲ್ಲಿಗೆ ಕರೆತಂದೆ. ಹಳಿಯಾಳದ ಮನೆಯಲ್ಲಿ ಕರೆಂಟಿತ್ತು. ಈ ಕರೆಂಟು ನಿಮ್ಮ ಸೂಪಾದ ನೀರಿನಿಂದಲೇ ಬರೋದು ಎಂದು ಯಾರೋ ಹೇಳಿಬಿಟ್ಟರು. ಅಣೆಕಟ್ಟಿನ ಬುಡದಲ್ಲಿ 100 ಮೆಗಾವಾಟ್ ವಿದ್ಯುತ್ತು. ಅದೇ ನೀರು ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ಚಕ್ರ ತಿರುಗಿಸುತ್ತದೆ. ಅಂದಿನಿಂದ ನಮ್ಮ ಮಕ್ಕಳು ಸುಮ್ಮನೆ ದೀಪ ಉರಿಸಿಟ್ಟರೆ ಆಯಿಯ ಕೂಗು: "ಯಾಕ್ರೋ ಸೂಪಾ ಸುಡ್ತೀರಿ?" ಮಕ್ಕಳು ನಗುತ್ತಿದ್ದರು. ನಮ್ಮ ಮನೆಯಲ್ಲಿ ಇಂದಿಗೂ ಹಾಗೇ ಹೇಳುತ್ತೇವೆ.

ಈಗ ನನ್ನ ತಪ್ಪು ಹೇಳಬೇಕು. ಆಯಿಯ ಪಾಲಿಗೆ ಬಂದ ಪರಿಹಾರದ ಹಣವನ್ನು ನಮ್ಮ ಶಾಖೆಯಲ್ಲೇ ಇಟ್ಟಿದ್ದೆವು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಊರು ಸೂಪಾ ಎಂದಿತ್ತು. ಒಂದು ದಿನ ಲೆಡ್ಜರ್ ತಿದ್ದುವಾಗ, ಇಲ್ಲದ ಊರಿನ ವಿಳಾಸ ಇದ್ದರೆ ಹೇಗೆ ಎಂದು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಮೇಲೆ 'ಹಳಿಯಾಳ' ಎಂದು ಬರೆದೆ. ಕೆಲಸದ ದೃಷ್ಟಿಯಿಂದ ಸರಿಯೇ ಇತ್ತು. ಸಂಜೆ ಪಾಸ್‌ಬುಕ್ಕು ತಂದು ಆಯಿಯ ಕೈಗೆ ಕೊಟ್ಟೆ.

ಓದಲು ಬಾರದ ಆಯಿಗೆ ಎರಡೇ ಎರಡು ಅಕ್ಷರ ಬರುತ್ತಿತ್ತು, ಸೂ ಮತ್ತು ಪಾ. ಎಷ್ಟೋ ವರ್ಷ ದಾಂಡೇಲಿಯ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತದ್ದು. ಅದು ನನಗೆ ಮರೆತೇಹೋಗಿತ್ತು. ಪುಟ ತೆರೆದವಳು ಬೆರಳಿಟ್ಟು ನಿಂತಳು. "ನೀನೂ ಮುಳುಗಿಸಿದೆಯಾ?" ಅಂದಳು. ಅಷ್ಟೇ. ಎಂಟು ದಿನ ನನ್ನೊಂದಿಗೆ ಮಾತಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಬಡಿಸಿ ಆಚೆ ಹೋಗುತ್ತಿದ್ದಳು.

ಲೆಡ್ಜರಿನಲ್ಲಿ ಬರೆದದ್ದನ್ನು ಮತ್ತೆ ತಿದ್ದುವಂತಿರಲಿಲ್ಲ. ಒಂಬತ್ತನೇ ದಿನ ಪಾಸ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ದೊಡ್ಡದಾಗಿ ಸೂಪಾ ಎಂದು ಬರೆದು ದೇವರ ಗೂಡಿನಲ್ಲಿಟ್ಟೆ. ಅವಳು ನೋಡಿದಳು. "ಕಾಲು ಸರಿಯಾಗಿ ಎಳೆದಿಲ್ಲ" ಅಂದಳು. ಸೂ ಅಕ್ಷರದ ಕೊಂಬಿನ ಮಾತು. ತಿದ್ದಿದೆ. ರಾತ್ರಿ ತಟ್ಟೆಗೆ ಒಂದು ಹುಳಿ ಜಾಸ್ತಿ ಬಿತ್ತು.

ಮುಂದೆ ನನಗೆ ಮುಂಡಗೋಡಕ್ಕೆ ವರ್ಗವಾಯಿತು. ಅಲ್ಲಿ 1966ರಿಂದ ಟಿಬೆಟನ್ನರ ಕಾಲೊನಿ ಇದೆ, ನಿಮ್ಮಲ್ಲಿ ಅನೇಕರು ನೋಡಿರಬಹುದು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಆಮೇಲೆ ಬಂದ ಸಾವಿರಾರು ಜನರಲ್ಲಿ ಕೆಲವರಿಗೆ ನಮ್ಮ ಸರ್ಕಾರ ಜಾಗ ಕೊಟ್ಟದ್ದು ಅಲ್ಲಿ. ಒಂದು ರವಿವಾರ ಆಯಿಯನ್ನು ಕರೆದುಕೊಂಡು ಹೋದೆ. ಒಂದು ಮನೆಯ ಜಗಲಿಯಲ್ಲಿ ಅವಳದೇ ವಯಸ್ಸಿನ ಅಜ್ಜಿ ಪ್ರಾರ್ಥನೆಯ ಚಕ್ರ ತಿರುಗಿಸುತ್ತ ಕೂತಿದ್ದರು. ಆಯಿ ಹೋಗಿ ಪಕ್ಕದಲ್ಲಿ ಕೂತೇಬಿಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಅಜ್ಜಿ ಉತ್ತರಕ್ಕೆ ಕೈ ತೋರಿಸಿ "ಲ್ಹಾಸಾ" ಅಂದರು. ಆಯಿ ಪಶ್ಚಿಮಕ್ಕೆ ಕೈ ತೋರಿಸಿ "ಸೂಪಾ" ಅಂದಳು. ಇಬ್ಬರೂ ತಲೆಯಾಡಿಸಿದರು. ಬೆಣ್ಣೆ ಉಪ್ಪು ಹಾಕಿದ ಚಹಾ ಬಂತು. ಆಯಿ ಮುಖ ಸಿಂಡರಿಸದೆ ಪೂರ್ತಿ ಕುಡಿದಳು. ಬಸ್ಸಿನಲ್ಲಿ ಬರುವಾಗ ಮಾತ್ರ "ಚಹಾಕ್ಕೆ ಉಪ್ಪು ಹಾಕ್ತಾರೆ, ಪಾಪ. ಅವರ ಊರು ಬಹಳ ದೂರ" ಅಂದಳು. ಉಪ್ಪಿಗೂ ದೂರಕ್ಕೂ ಏನು ಸಂಬಂಧವೋ ನಾನು ಕೇಳಲಿಲ್ಲ.

ಹಿನ್ನೀರು ತೋರಿಸುತ್ತೇನೆ ಬಾ ಎಂದು ಎಷ್ಟು ಸಲ ಕರೆದರೂ ಆಯಿ ಬರಲಿಲ್ಲ. ಮುಂಡಗೋಡದಲ್ಲೇ ಒಂದು ಮಳೆಗಾಲ ತೀರಿಕೊಂಡಳು. ಖಾತೆ ಮುಚ್ಚುವಾಗ ಅದರಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ ಉಳಿದಿತ್ತು. ಉಳಿದದ್ದೆಲ್ಲ ಕಾಕಾನ ಮನೆಗೆ, ಮೊಮ್ಮಕ್ಕಳ ಫೀಗೆ ಹೋಗಿತ್ತು.

ಪಾಸ್‌ಬುಕ್ಕು ನನ್ನ ಕಪಾಟಿನಲ್ಲಿದೆ. ಮೊಮ್ಮಗಳಿಗೆ ತೆಗೆದು ತೋರಿಸಿದೆ. ಹೊದಿಕೆಯ ಅಕ್ಷರ ನೋಡಿಕೊಂಡೇ ಅವಳು ತನ್ನ ಹಾಳೆಯಲ್ಲಿ ಆಯಿಯ ಹೆಸರಿನ ಮುಂದೆ 'ಸೂಪಾ' ಎಂದು ಬರೆದಳು. "ಟೀಚರ್ ನಕಾಶೆಯಲ್ಲಿ ತೋರಿಸು ಅಂದ್ರೆ?" ಎಂದು ಕೇಳಿದಳು. ನನಗೆ ಫೋನ್ ಮಾಡಲಿ ಎಂದು ಹಾಳೆಯ ಹಿಂದೆ ನಂಬರು ಬರೆದುಕೊಟ್ಟಿದ್ದೇನೆ. ಇನ್ನೂ ಫೋನ್ ಬಂದಿಲ್ಲ.