ಮುಂದೆ ಹೋದವರು, ಕಾದು ನಿಂತವರು

ದೂರದ ಸೈಕಲ್ ಪ್ರಯಾಣದ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳಲ್ಲಿ ಎರಡು ಮಾತುಗಳು ತಪ್ಪದೆ ಕಾಣಿಸುತ್ತವೆ. ದಾರಿಯಲ್ಲಿ ಗೆಳೆತನ ಗಟ್ಟಿಯಾಯಿತು ಎಂಬುದು ಒಂದು. ನನ್ನನ್ನು ನಾನು ಕಂಡುಕೊಂಡೆ ಎಂಬುದು ಇನ್ನೊಂದು. ಎರಡನ್ನೂ ನಾವು ತುಸು ಅನುಮಾನದಿಂದಲೇ ಓದುತ್ತೇವೆ. ತಾಂಬರಂನಲ್ಲಿ ನೆಲೆಸಿರುವ ನಾವು ನಾಲ್ವರು ಕನ್ನಡಿಗರು ಕೆಲವು ವರ್ಷಗಳಿಂದ ಭಾನುವಾರದ ನಸುಕಿನಲ್ಲಿ ಜಿ.ಎಸ್.ಟಿ. ರಸ್ತೆ ಹಿಡಿದು ತೆಂಕಣಕ್ಕೆ ಸೈಕಲ್ ತುಳಿಯುತ್ತಿದ್ದೇವೆ. ವಂಡಲೂರು, ಗುಡುವಾಂಚೇರಿ, ಚೆಂಗಲ್ಪಟ್ಟು, ಪಾಲಾರ್ ಸೇತುವೆ, ಮಧುರಾಂತಕದ ಕೆರೆ: ಈ ಹೆಸರುಗಳು ನಮಗೀಗ ಊರಿನ ಓಣಿಗಳಷ್ಟೇ ಪರಿಚಿತ. ಈ ದಾರಿ ನಮಗೆ ಕಲಿಸಿದ್ದು ಇಷ್ಟು: ಇಬ್ಬರ ನಡುವೆ ಮೊದಲಿನಿಂದಲೂ ಇದ್ದ ಅಂತರವನ್ನು ಸೈಕಲ್ಲು ಕಿಲೋಮೀಟರಿನಲ್ಲಿ ಅಳೆದು ತೋರಿಸುತ್ತದೆ. ಆ ಅಂತರವನ್ನು ಏನು ಮಾಡಬೇಕೆಂಬುದು ಮಾತ್ರ ನಮಗೆ ಬಿಟ್ಟದ್ದು.

ರೈಲಿನಲ್ಲಿಯೋ ಕಾರಿನಲ್ಲಿಯೋ ಕೂಡಿ ಹೋಗುವವರು ಒಂದೇ ವೇಗದಲ್ಲಿ ಹೋಗುತ್ತಾರೆ. ಅಲ್ಲಿ ಜಗಳವಾದರೂ ಊರು ಒಟ್ಟಿಗೇ ಬರುತ್ತದೆ. ಸೈಕಲ್ಲಿನಲ್ಲಿ ಹಾಗಲ್ಲ, ಒಬ್ಬೊಬ್ಬರ ಕಾಲಿಗೂ ಅದರದೇ ಲಯ. ಹತ್ತು ಕಿಲೋಮೀಟರಿನಲ್ಲಿ ಕಾಣದ ವ್ಯತ್ಯಾಸ ನೂರರಲ್ಲಿ ಬಯಲಿಗೆ ಬೀಳುತ್ತದೆ. ಮುಂದಿರುವವನಿಗೆ ನಿಧಾನವಾಗಿ ತುಳಿಯುವುದು ಹಿಂಸೆ, ಹಿಂದಿರುವವನಿಗೆ ತನಗಾಗಿ ಇನ್ನೊಬ್ಬ ನಿಧಾನ ಮಾಡುತ್ತಿದ್ದಾನೆಂಬ ಅರಿವು ಇನ್ನೂ ದೊಡ್ಡ ಹಿಂಸೆ.

ನಮ್ಮ ತಲೆಮಾರಿನವರು ಸೈಕಲ್ ಕಲಿತದ್ದು ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡಲು ಹೊಡೆದು. ಇಬ್ಬರಿಗೆ ಒಂದೇ ಸೈಕಲ್ಲು. ಒಬ್ಬ ತುಳಿದರೆ ಇನ್ನೊಬ್ಬ ಕ್ಯಾರಿಯರಿನ ಮೇಲೆ. ಏರು ಬಂದರೆ ಹಿಂದಿನವನು ಹಾರಿ ಇಳಿದು ತಳ್ಳಬೇಕು. ಆ ‘ಡಬಲ್’ ಸವಾರಿಯಲ್ಲಿ ಗೆಳೆಯನೆಂದರೆ ಹೊರುವ ಭಾರ, ಅಷ್ಟೇ ಸರಳ. ಈಗ ನಮಗೆಲ್ಲ ಒಂದೊಂದು ಸೈಕಲ್ಲಿದೆ, ಒಂದೊಂದಕ್ಕೂ ಬೇಕಾದಷ್ಟು ಗಿಯರುಗಳಿವೆ. ಯಾರೂ ಯಾರನ್ನೂ ಹೊರಬೇಕಿಲ್ಲ. ಹೊರುವುದರ ಜಾಗಕ್ಕೆ ಕಾಯುವುದು ಬಂದಿದೆ, ಮತ್ತು ಕಾಯುವುದು ಹೊರುವುದಕ್ಕಿಂತ ಕಷ್ಟದ ಕೆಲಸ.

ಕಚೇರಿಯಲ್ಲಿ ದುಡಿಯುವವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ನಾವು ನಾಲ್ವರೂ ಕೇಂದ್ರ ಸರ್ಕಾರದ ನೌಕರರು. ಸೇವಾ ಹಿರಿತನದ ಪಟ್ಟಿ ನಮ್ಮ ರಕ್ತದಲ್ಲಿಯೇ ಹರಿಯುತ್ತದೆ. ವಾರದ ಐದು ದಿನ ಕಡತಕ್ಕೆ ಸಹಿ ಹಾಕುವವರು ಭಾನುವಾರ ಅದೇ ಕಡತ ತಯಾರಿಸಿದವನ ಹಿಂದೆ ಏದುಸಿರು ಬಿಡುತ್ತಾರೆ. ಪಂಕ್ಚರ್ ಹಾಕಲು ಬಾರದ ಹಿರಿಯ ಅಧಿಕಾರಿ ರಸ್ತೆಬದಿಯಲ್ಲಿ ಟ್ಯೂಬು ಹಿಡಿದು ಕಿರಿಯನ ಅಪ್ಪಣೆಗೆ ಕಾಯುವುದನ್ನು ನಾವು ಕಂಡಿದ್ದೇವೆ. ಸ್ವಂತ ಅನ್ವೇಷಣೆ ಎಂಬ ದೊಡ್ಡ ಮಾತನ್ನು ಬಳಸಲೇಬೇಕೆಂದರೆ ಅದನ್ನು ಈ ನಿಮಿಷಕ್ಕೆ ಬಳಸಬಹುದು. (ಬೈಸಿಕಲ್ ಪ್ರವಾಸಕ್ಕೆ ರಜಾ ಪ್ರವಾಸ ರಿಯಾಯಿತಿ ಕೇಳುವ ಧೈರ್ಯ ಮಾತ್ರ ನಮ್ಮಲ್ಲಿ ಯಾರಿಗೂ ಇನ್ನೂ ಬಂದಿಲ್ಲ.)

ಗೆಳೆತನ ಮತ್ತು ದೂರದ ಮಾತು ಬಂದಾಗ ನೆನಪಾಗಬೇಕಾದ ದೊಡ್ಡ ಪ್ರಸಂಗ ನಮ್ಮ ದೇಶದಲ್ಲಿಯೇ ನಡೆದಿದೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. ಇರಾನ್, ಇರಾಕ್, ಸಿರಿಯಾದ ಮರುಭೂಮಿ, ಯುರೋಪು, ಅಮೆರಿಕ, ಜಪಾನ್, ಕೊರಿಯಾ, ಚೀನಾ ದಾಟಿ 1928ರ ಮಾರ್ಚಿನಲ್ಲಿ ಮುಂಬಯಿಗೆ ಮರಳಿದವರು ಮೂವರೇ: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ. ಕ್ರಮಿಸಿದ ದಾರಿ ಸುಮಾರು 71,000 ಕಿ.ಮೀ. ಇವರ ಪ್ರವಾಸಕಥನ 1931ರಲ್ಲಿ ನೆಹರೂ ಅವರ ಮುನ್ನುಡಿಯೊಂದಿಗೆ ಪ್ರಕಟವಾಯಿತು.

ಈ ಕಥೆಯನ್ನು ಹೇಳುವವರೆಲ್ಲ ಮೂವರ ಸಾಹಸಕ್ಕೆ ತಲೆಬಾಗುತ್ತಾರೆ, ಬಾಗಬೇಕಾದ್ದೇ. ನಮ್ಮ ಮನಸ್ಸು ಹೋಗುವುದು ಉಳಿದ ಮೂವರ ಕಡೆಗೆ. ನಾರಿಮನ್ ಕಪಾಡಿಯಾ ವೈಯಕ್ತಿಕ ಕಾರಣಗಳಿಂದ ಟೆಹರಾನಿನಿಂದಲೇ ಹಿಂದಿರುಗಿದರು. ಗುಸ್ತಾದ್ ಹಾಥಿರಾಮ್ ಅಮೆರಿಕದಲ್ಲಿಯೇ ನೆಲೆಸಲು ನಿರ್ಧರಿಸಿದರು. ಅದರಿಂದ ನೊಂದ ಕೇಕಿ ಪೋಚ್‌ಖಾನಾವಾಲಾ ಕೂಡ ಗುಂಪನ್ನು ತೊರೆದರು. ಮರುಭೂಮಿಯ ಬಿಸಿಲಾಗಲಿ ಆಲ್ಪ್ಸ್ ಪರ್ವತದ ಚಳಿಯಾಗಲಿ ಕೇಕಿಯನ್ನು ಹಿಂದಕ್ಕೆ ಕಳಿಸಲಿಲ್ಲ. ಒಬ್ಬ ಗೆಳೆಯನ ನಿರ್ಧಾರ ಕಳಿಸಿತು. ಗುರಿ ಮುಟ್ಟಲಿಲ್ಲವೆಂದು ಇವರನ್ನು ಸೋತವರ ಸಾಲಿಗೆ ಸೇರಿಸುವುದು ನಮಗೆ ಒಪ್ಪಿಗೆಯಿಲ್ಲ. ಸಾವಿರಾರು ಮೈಲಿ ತುಳಿದ ಮೇಲೆ ಜೊತೆಗಾರನಿಲ್ಲದ ದಾರಿ ಬೇಡವೆನಿಸಿದವನನ್ನು ಗೆಳೆತನದ ಪರೀಕ್ಷೆಯಲ್ಲಿ ಅನುತ್ತೀರ್ಣನೆನ್ನಲು ಯಾವ ಅಳತೆಗೋಲಿದೆ?

ಒಂಟಿಯಾಗಿ ಹೋದರೆ ಈ ಕಷ್ಟವಿಲ್ಲ ಎನ್ನುವವರಿದ್ದಾರೆ. ಅದೇ ಕಾಲದ ಫ್ರಾಮ್ರೋಜ್ ದಾವರ್ 1924ರಲ್ಲಿ ಮುಂಬಯಿಯಿಂದ ಒಬ್ಬರೇ ಹೊರಟವರು. ವಿಯೆನ್ನಾ ತಲುಪಿದಾಗ ಗುಸ್ತಾವ್ ಎಂಬ ಆಸ್ಟ್ರಿಯಾದ ಸೈಕಲ್ ಸವಾರ ಸಿಕ್ಕರು. ಆಮೇಲಿನ ವರ್ಷಗಳ ಸಹಾರಾ, ಅಮೆಜಾನ್ ದಾರಿಗಳನ್ನು ಇಬ್ಬರೂ ಜೊತೆಯಾಗಿಯೇ ಕಂಡರು. ಒಂಟಿತನವನ್ನು ಸಾಕಷ್ಟು ಬಲ್ಲವರೇ ಜೊತೆಯನ್ನು ಬಯಸಿದ್ದು ಗಮನಿಸಬೇಕಾದ ಸಂಗತಿ.

ಈಗಿನ ದೂರದ ಸವಾರಿಗೆ ಬ್ರೆವೆ ಎಂಬ ಶಿಸ್ತೊಂದು ಬಂದಿದೆ. ಹುಟ್ಟಿದ್ದು ಯುರೋಪಿನಲ್ಲಿ, ನಮ್ಮ ನಗರಗಳಲ್ಲಿಯೂ ನೆಲೆಯೂರಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ಇದು ಪಂದ್ಯವಲ್ಲ; ಮೊದಲು ಮುಟ್ಟಿದವನಿಗೂ ಕೊನೆಯ ನಿಮಿಷದಲ್ಲಿ ಮುಟ್ಟಿದವನಿಗೂ ಒಂದೇ ಮನ್ನಣೆ. ಈ ಉದಾರತೆ ನಮಗೆ ಬಹಳ ಮೆಚ್ಚುಗೆ. ಆದರೆ ಗಡಿಯಾರವಿದೆ. ಗಡಿಯಾರ ಇರುವಲ್ಲಿ ಕಾಯುವುದಕ್ಕೆ ಬೆಲೆ ತೆರಬೇಕು.

ತಿಂಡಿವನಂ ಕಡೆಗೆ ಹೋಗಿ ಮರಳುವ ಅಂಥದೊಂದು 200 ಕಿ.ಮೀ. ಸವಾರಿಯಲ್ಲಿ ನಮ್ಮಲ್ಲೊಬ್ಬರಿಗೆ ಮಧುರಾಂತಕದ ಬಳಿ ಮೊಣಕಾಲು ಹಿಡಿದುಕೊಂಡಿತು. ಅವರು ವಿಜಯಪುರದವರು, ಸೈಕ್ಲಿಂಗ್ ಕ್ರೀಡಾಪಟುಗಳಿಗೆ ಹೆಸರಾದ ಜಿಲ್ಲೆ, ಹಾಗಾಗಿ ನಮ್ಮ ನಡುವೆ ಅವರಿಗೊಂದು ಸಹಜ ಗೌರವವೂ ಇತ್ತು. ಹುಣಸೆಮರದ ಕೆಳಗೆ ಕುಳಿತು ಅವರೆಂದರು: “ನೀವು ನಡೀರಿ, ನಾ ಹಿಂದಿಂದ ಬರ್ತೀನ್ರಿ.” ಈ ಮಾತನ್ನು ಹೇಗೆ ಓದಬೇಕು? ನಿಜವಾಗಿ ಹೊರಡಿ ಎಂದೋ, ಒಬ್ಬರಾದರೂ ನಿಲ್ಲುತ್ತೀರಾ ನೋಡೋಣ ಎಂದೋ, ನನ್ನ ನೋವನ್ನು ನೋಡುತ್ತ ನಿಲ್ಲಬೇಡಿ ಎಂದೋ? ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಪದ್ಯದ ಒಂದು ಸಾಲಿಗೆ ಐದು ಅರ್ಥ ಬರೆದು ಅಂಕ ಪಡೆದ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಇಬ್ಬರು ಮುಂದೆ ಹೋದರು, ಒಬ್ಬರು ನಿಂತರು. ಹೋದವರು ಹೊತ್ತಿಗೆ ಸರಿಯಾಗಿ ಮುಟ್ಟಿದರು. ನಿಂತವರು ಸಣ್ಣ ಟೆಂಪೊ ಹಿಡಿದು ಎರಡೂ ಸೈಕಲ್ಲುಗಳನ್ನು ಹೇರಿಸಿಕೊಂಡು ಬಂದರು. ಯಾರು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನೋವುಂಡವರು ಮಾತ್ರ ಎರಡೂ ಸರಿಯೆಂದೇ ಹೇಳುತ್ತಾರೆ. ಅದನ್ನು ಹೇಳುವಾಗ ಅವರು ನಿಂತವರ ಮುಖವನ್ನು ನೋಡುವುದಿಲ್ಲ, ಹೋದವರ ಮುಖವನ್ನು ನೋಡುತ್ತಾರೆ.

ಜೆರೋಮ್ ಕೆ. ಜೆರೋಮ್ 1900ರಲ್ಲಿ ಪ್ರಕಟಿಸಿದ, ಮೂವರು ಗೆಳೆಯರ ಜರ್ಮನಿ ಪ್ರವಾಸದ ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ಹ್ಯಾರಿಸ್ ಎಂಬಾತ ಹಾಲೆಂಡಿನಲ್ಲಿ ಇಬ್ಬರು ತುಳಿಯುವ ಜೋಡಿ ಸೈಕಲ್ಲಿನಲ್ಲಿ ಹೆಂಡತಿಯೊಂದಿಗೆ ಹೋಗುತ್ತಿರುತ್ತಾನೆ. ಅವನಾಡಿದ ಮಾತನ್ನು ಆಕೆ ಬೇರೆಯಾಗಿ ಕೇಳಿಸಿಕೊಂಡು ಕೆಳಗಿಳಿಯುತ್ತಾಳೆ. ಅವನಿಗೆ ಗೊತ್ತೇ ಆಗದೆ ಬಹುದೂರ ಹೋಗಿಬಿಡುತ್ತಾನೆ. ಓದಿ ನಕ್ಕಿದ್ದೇವೆ. ಮೊಬೈಲಿನ ಪರದೆಯಲ್ಲಿ ತಮ್ಮ ಸರಾಸರಿ ವೇಗವನ್ನೇ ನೋಡುತ್ತ ತುಳಿಯುವವರನ್ನು ಕಂಡಾಗ ಹ್ಯಾರಿಸ್ ನೆನಪಾಗುತ್ತಾನೆ. ಆ ಪರದೆ ತುಳಿದ ದೂರವನ್ನು ಹೇಳುತ್ತದೆ, ಏರಿದ ಎತ್ತರವನ್ನು ಹೇಳುತ್ತದೆ, ನಿಂತು ಕಾದ ಹೊತ್ತನ್ನು ಸವಾರಿಯ ಲೆಕ್ಕದಿಂದ ಕಳೆದುಬಿಡುತ್ತದೆ. ನಮ್ಮ ಪ್ರಯಾಣಗಳಲ್ಲಿ ನೆನಪಿನಲ್ಲಿ ಉಳಿದಿರುವ ಮಾತುಕತೆಯೆಲ್ಲ ಹೀಗೆ ಕಳೆದುಹೋದ ಹೊತ್ತಿನಲ್ಲಿ, ಮೋರಿಯ ಕಟ್ಟೆಯ ಮೇಲೆ, ಎಳನೀರಿನ ಗಾಡಿಯ ಪಕ್ಕದಲ್ಲಿ ನಡೆದದ್ದು.

ಈಗ ನಾವೊಂದು ಕರಾರು ಮಾಡಿಕೊಂಡಿದ್ದೇವೆ. ಯಾರಾದರೂ ತಡೆದರೆ ಯಾರು ನಿಲ್ಲಬೇಕು, ಯಾರು ಹೋಗಬೇಕು ಎಂಬುದನ್ನು ಹೊರಡುವ ಮುನ್ನ, ತಾಂಬರಂನಲ್ಲಿ ಕಾಫಿ ಕುಡಿಯುವಾಗಲೇ ತೀರ್ಮಾನಿಸುವುದು. ಎಲ್ಲಕ್ಕಿಂತ ನಿಧಾನಿ ಯಾರೋ ಅವರು ಮುಂದಿರುವುದು. ಗಾಳಿ ಎದುರಾದರೆ ಮಾತ್ರ ಬಲವಿದ್ದವರು ಮುಂದೆ ಬಂದು ಮರೆಯಾಗುವುದು. ಇದರಿಂದ ನಮ್ಮ ವೇಗ ಬಹಳ ತಗ್ಗಿದೆ. ಒಬ್ಬರಿಗೆ ಇದು ಸೇರುವುದಿಲ್ಲ, ಮುಂದಿನ 300 ಕಿ.ಮೀ. ಬ್ರೆವೆಗೆ ತಾವು ಒಂಟಿಯಾಗಿಯೇ ಹೋಗುವುದಾಗಿ ತಿಳಿಸಿದ್ದಾರೆ. ಹೋಗಿಬರಲಿ. ಉಳಿದ ಮೂವರು ಅವರನ್ನು ಎದುರುಗೊಳ್ಳಲು ಪಾಲಾರ್ ಸೇತುವೆಯವರೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.