ಒಂದು ಫೋನಿಗೆ ಒಂದು ಮನೆ, ಉಳಿದವರಿಗೆ?

ಕನ್ನಡಪ್ರಭದ ಸಂಪಾದಕರಾಗಿದ್ದು, ಸುವರ್ಣ ನ್ಯೂಸ್ ಮುನ್ನಡೆಸಿ, 2012ರ ಫೆಬ್ರುವರಿಯಲ್ಲಿ ಪಬ್ಲಿಕ್ ಟಿವಿ ಶುರು ಮಾಡಿದ ಎಚ್.ಆರ್. ರಂಗನಾಥ್ ಅವರನ್ನು ನಾಡಿನ ಮನೆಮನೆಗೂ ಪರಿಚಯಿಸಿದ್ದು ‘ಬಿಗ್ ಬುಲೆಟಿನ್’. ಆದರೆ ಅವರ ವೃತ್ತಿಯನ್ನು ತೂಗಿ ನೋಡಲು ‘ಬೆಳಕು’ ಕಾರ್ಯಕ್ರಮವೇ ಸರಿಯಾದ ತಕ್ಕಡಿ. ರಸ್ತೆಯಿಲ್ಲ, ಕರೆಂಟಿಲ್ಲ, ಚಿಕಿತ್ಸೆಗೆ ದುಡ್ಡಿಲ್ಲ ಎಂದು ಜನ ಸ್ಟುಡಿಯೊಗೆ ಬರುತ್ತಾರೆ, ಅವರೆದುರೇ ಶಾಸಕರಿಗೋ ಅಧಿಕಾರಿಗೋ ಫೋನ್ ಹೋಗುತ್ತದೆ, ಭರವಸೆಯೂ ಸಿಗುತ್ತದೆ. ಇದರಿಂದಾದ ಉಪಕಾರ ಸಣ್ಣದಲ್ಲ. ಆದರೂ ಪತ್ರಿಕೋದ್ಯಮ ಅಲ್ಲಿಗೇ ನಿಂತರೆ ಅರ್ಧ ಕೆಲಸ ಮಾತ್ರ ಆದಂತೆ.

ಬೆಳಗಾವಿ ಜಿಲ್ಲೆಯ ರಾಮದುರ್ಗದಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಸರ್ಕಾರ ತುರ್ತು ಪರಿಹಾರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿತು. ಸಮೀಕ್ಷೆಗೆ ಬಂದವರು ಬರೆದ ಒಂದಕ್ಷರದ ಮೇಲೆ ಕುಟುಂಬದ ಮುಂದಿನ ಬದುಕು ನಿಂತಿತು. ಇಂಥಲ್ಲಿ ನಿರೂಪಕರ ಒಂದು ಫೋನಿನಿಂದ ಸಿ ಎಂದಿದ್ದ ಮನೆ ಬಿ ಆಗಬಹುದು. ಆದರೆ ವರ್ಗ ನಿರ್ಧರಿಸಿದ್ದು ಹೇಗೆ, ಮೇಲ್ಮನವಿ ಎಲ್ಲಿ ಎಂದು ಕೇಳಿದರೆ ಇಡೀ ಓಣಿಗೆ ಉತ್ತರ ಸಿಗುತ್ತದೆ. ರೈಲೇ ಇಲ್ಲದ ಈ ಊರಿನಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನ ಸ್ಟುಡಿಯೊ ತಲುಪುವವರು ಎಷ್ಟು ಜನ? ಹೋಗಲಾರದವರ ಸಂಕಟವೇನೂ ಕಡಿಮೆಯದಲ್ಲ.

ಕಚೇರಿಗೆ ಅಡ್ಡಾಡಿ ಚಪ್ಪಲಿ ಸವೆಸಿದವರಿಗೆ ಒಬ್ಬರಾದರೂ ನೆರವಾದರಲ್ಲ, ಅದರಲ್ಲೂ ತಪ್ಪು ಹುಡುಕಬೇಕೆ ಎಂದು ಕೇಳಬಹುದು. ಖಂಡಿತ ಬೇಡ, ಹಸಿದವರ ಮುಂದಿನ ತಟ್ಟೆ ಯಾರೂ ಕಸಿಯಬಾರದು. ಆಡಳಿತ ಕಿವುಡಾದದ್ದಕ್ಕೆ ನಿರೂಪಕರು ಹೊಣೆಯೂ ಅಲ್ಲ. ಕಡತ, ನಿಯಮ ಎಂದು ಕೂತರೆ ನೋಡುವವರಿಲ್ಲ, ಟಿಆರ್‌ಪಿ ಬರುವುದಿಲ್ಲ ಎಂಬ ಮಾತಿನಲ್ಲೂ ಸತ್ಯವಿದೆ. ಆದರೆ ಕ್ಯಾಮೆರಾ ಕಂಡೊಡನೆ ಆಗುವ ಕೆಲಸ ಅದಕ್ಕೂ ಮೊದಲು ಯಾರ ಮೇಜಿನ ಮೇಲೆ ಕೊಳೆಯುತ್ತಿತ್ತು ಎಂಬುದು ನೀರಸ ಪ್ರಶ್ನೆಯಲ್ಲ. ಅದನ್ನು ಕೇಳದೆ ಬಿಟ್ಟರೆ ತಪ್ಪಿತಸ್ಥ ಅಧಿಕಾರಿಯೇ ಕೊನೆಗೆ ದಾನಿಯಂತೆ ಕಾಣುತ್ತಾನೆ, ಹಕ್ಕಿನಿಂದ ಬರಬೇಕಾದದ್ದು ಕೃಪೆಯಾಗುತ್ತದೆ.

ಪಬ್ಲಿಕ್ ಟಿವಿ ಶುರುವಾದ ವರ್ಷವೇ, 2012ರ ಏಪ್ರಿಲ್‌ನಲ್ಲಿ, ಸಕಾಲ ಯೋಜನೆ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಎಲ್ಲ ಅಹವಾಲೂ ಅದರಡಿ ಬರುವುದಿಲ್ಲ, ನಿಜ. ಬರುವ ಕಡೆಯಾದರೂ ಫೋನ್ ಇಡುವ ಮುನ್ನ ಎರಡು ಪ್ರಶ್ನೆ ಕೇಳಲಿ: ಗಡುವು ಯಾವಾಗ ಮುಗಿದಿತ್ತು? ಇದೇ ತಾಲ್ಲೂಕಿನಲ್ಲಿ ಇಂಥ ಅರ್ಜಿ ಇನ್ನೆಷ್ಟು ಬಾಕಿ? ತಿಂಗಳಾದ ಮೇಲೆ ಅದೇ ಕಚೇರಿಗೆ ಮತ್ತೆ ಫೋನ್ ಮಾಡಲಿ. ಜನರಿಂದ ಅಷ್ಟು ನಂಬಿಕೆ ಗಳಿಸಿದ ನಿರೂಪಕರಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.