ಕ್ಲೋರೈಡ್: ‘ಮಿತಿಯೊಳಗಿದೆ’ ಎಂದರೆ ಸಾಲದು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಹಲವು ಹಳ್ಳಿಗಳು ಇಂದಿಗೂ ಕೊಳವೆಬಾವಿಯನ್ನೇ ನೆಚ್ಚಿವೆ. ನೀರು ಸವಳೆಂದು ಜನ ದೂರಿದಾಗ ‘ಕ್ಲೋರೈಡ್ ಮಿತಿಯೊಳಗಿದೆ’ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು. 1000ದವರೆಗಿನ ಸಡಿಲಿಕೆ ಬೇರೆ ಜಲಮೂಲವೇ ಇಲ್ಲದ ಕಡೆಗೆ ಮಾತ್ರ. ಕ್ಲೋರೈಡ್ ವಿಷವಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಅದಕ್ಕೆ ಆರೋಗ್ಯದ ದೃಷ್ಟಿಯ ಮಿತಿ ವಿಧಿಸಿಲ್ಲ ಎಂಬ ವಾದ ನಿಜವೇ. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಸೋಡಿಯಂ ಹೆಚ್ಚಿದ್ದರೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ. ನೈಟ್ರೇಟ್ ಇದ್ದರೆ ಚರಂಡಿ ನೀರೋ ಗೊಬ್ಬರವೋ ಅಂತರ್ಜಲ ಸೇರಿದ ಶಂಕೆ. ಲೋಹದ ಕೊಳವೆಗಳೂ ಬೇಗ ತುಕ್ಕು ಹಿಡಿಯುತ್ತವೆ.

ನೀರು ಕಾಯಿಸಿದರೆ ಕ್ಲೋರೈಡ್ ಹೋಗದು. ಶುದ್ಧ ನೀರಿನ ಘಟಕಗಳಿವೆಯಲ್ಲ ಎನ್ನಬಹುದು. ಅಲ್ಲಿನ ಆರ್‌ಒ ಯಂತ್ರ ಕ್ಲೋರೈಡ್ ತೆಗೆಯುವುದು ಹೌದು. ಆದರೆ ಅದು ಹೊರಹಾಕುವ ಉಪ್ಪುನೀರನ್ನು ಅಲ್ಲೇ ಹರಿಯಬಿಟ್ಟರೆ ಮತ್ತೆ ನೆಲಕ್ಕೇ ಇಳಿಯುತ್ತದೆ. ಆದ್ದರಿಂದ ಪ್ರತಿ ಕೊಳವೆಬಾವಿಯ ನೀರನ್ನು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷಿಸಿ, ಸೋಡಿಯಂ, ನೈಟ್ರೇಟ್ ಸಹಿತ ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಬೇಕು. ಸವಳು ನೀರಿನ ಊರುಗಳಿಗೆ ಕಾಗಿಣಾದಂಥ ನದಿಯಿಂದ ಶುದ್ಧೀಕರಿಸಿದ ನೀರು ಮೊದಲು ತಲುಪಬೇಕು.